ಹಿಂಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸಬಹುದೇ? ಏಟು ಯಾವ ಬಳೆಗೆ ಬೀಳುತ್ತದೆ ನೋಡಿಕೊಳ್ಳಿ

ಪ್ರಶ್ನೆ: ನನ್ನ ಕಾರಿಗೆ ಹನ್ನೊಂದು ವರ್ಷ. ಎರಡು ತಿಂಗಳಿಂದ 50 ಕಿ.ಮೀ. ವೇಗ ದಾಟಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ‘ಗುಂಯ್’ ಎನ್ನುವ ಸದ್ದು ಶುರುವಾಗುತ್ತದೆ. ವೇಗ ಏರಿದಂತೆ ಸದ್ದೂ ಏರುತ್ತದೆ. ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೂ ನಿಲ್ಲುವುದಿಲ್ಲ. ಹಿಂದಿನ ಎರಡೂ ಬೇರಿಂಗ್ ಜೋಡಿಯಾಗಿಯೇ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಬಿಚ್ಚಿ ಹೊಸ ಗ್ರೀಸ್ ತುಂಬಿದರೆ ಸಾಕು ಎಂದು ಸ್ನೇಹಿತ ಹೇಳುತ್ತಾನೆ. ನನ್ನ ಬಳಿ ಜಾಕಿ, ಸ್ಪ್ಯಾನರ್ ಸೆಟ್, ಸುತ್ತಿಗೆ ಇವೆ. ಬ್ರೇಕ್ ಶೂ ನಾನೇ ಬದಲಿಸಿದ ಅನುಭವವಿದೆ. ಹಿಂದೆ ಡ್ರಮ್ ಬ್ರೇಕ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕೂಡ ಇದೆ. ವಿಡಿಯೊಗಳಲ್ಲಿ ಹಳೆಯ ಬೇರಿಂಗನ್ನು ಬಡಿದು ತೆಗೆದು ಹೊಸದನ್ನೂ ಬಡಿದೇ ಕೂರಿಸುವುದನ್ನು ನೋಡಿದ್ದೇನೆ. ನಾನೂ ಹಾಗೆ ಮಾಡಬಹುದೇ? ತಪ್ಪಾದರೆ ಓಡುವಾಗ ಚಕ್ರ ಕಳಚಿಕೊಳ್ಳುತ್ತದೆಯೇ ಎನ್ನುವುದು ನನ್ನ ನಿಜವಾದ ಭಯ.

ಉತ್ತರ: ನಿಮ್ಮ ಭಯ ಸುಳ್ಳಲ್ಲ, ಆದರೆ ಅದು ಇರಬೇಕಾದ ಜಾಗದಲ್ಲಿಲ್ಲ. ಬೇರಿಂಗ್ ಬದಲಿಸಿದ ಮರುದಿನವೇ ಚಕ್ರ ಕಳಚುವುದು ತೀರಾ ಅಪರೂಪ. ನಾನು ಹೆಚ್ಚಾಗಿ ಕಂಡಿರುವುದು ಬೇರೆ ಬಗೆಯ ಸೋಲು. ಹೊಸ ಬೇರಿಂಗ್ ಹಾಕಿ ಎಲ್ಲ ಸರಿಯಾಯಿತು ಎಂದುಕೊಂಡು ಒಂದೆರಡು ತಿಂಗಳು ಓಡಿಸುತ್ತಾರೆ, ಆಮೇಲೆ ಅದೇ ‘ಗುಂಯ್’ ಮರಳಿ ಬರುತ್ತದೆ. ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವನನ್ನು ಬೈಯುತ್ತಾರೆ. ಬಿಚ್ಚಿ ನೋಡಿದರೆ ಮಾಲು ಒಳ್ಳೆಯದೇ ಆಗಿರುತ್ತದೆ, ಅದು ಕೂರಿಸುವಾಗಲೇ ಸತ್ತಿರುತ್ತದೆ.

ಮೊದಲು ಆ ಸದ್ದು ಬೇರಿಂಗಿನದೇ ಎಂದು ಖಚಿತಪಡಿಸಿಕೊಳ್ಳಿ. ನ್ಯೂಟ್ರಲ್‌ನಲ್ಲೂ ಸದ್ದು ನಿಲ್ಲುವುದಿಲ್ಲ ಎಂದು ಗಮನಿಸಿದ್ದೀರಿ, ಅದು ಒಳ್ಳೆಯ ಪರೀಕ್ಷೆ. ಸದ್ದು ಎಂಜಿನ್ ವೇಗಕ್ಕಲ್ಲ, ಚಕ್ರದ ವೇಗಕ್ಕೆ ಅಂಟಿಕೊಂಡಿದೆ ಎಂದು ಅದರಿಂದ ತಿಳಿಯುತ್ತದೆ. ಆದರೆ ಚಕ್ರದ ವೇಗಕ್ಕೆ ಅಂಟಿಕೊಂಡ ಇನ್ನೊಂದು ವಸ್ತುವಿದೆ, ಅದು ಟಯರ್. ಹಿಂದಿನ ಟಯರುಗಳು ವರ್ಷಗಟ್ಟಲೆ ಜಾಗ ಬದಲಿಸದೆ ಓಡಿದರೆ ಅವುಗಳ ಮೇಲ್ಮೈ ಅಲೆಅಲೆಯಾಗಿ ಸವೆಯುತ್ತದೆ. ಅಂಗೈಯನ್ನು ಟಯರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆಯೂ ತಾಗಿದರೆ ಸದ್ದು ಅಲ್ಲಿಂದಲೇ ಬರುತ್ತಿರಬಹುದು. ಮುಂದಿನ ಟಯರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಒಂದು ಸುತ್ತು ಓಡಿಸಿ. ಸದ್ದು ಮುಂದಕ್ಕೆ ಬಂದರೆ ಬೇರಿಂಗ್ ನಿರಪರಾಧಿ. ಅರ್ಧ ಗಂಟೆಯ ಈ ಕೆಲಸ ಮಾಡದೆ ಒಳ್ಳೆಯ ಬೇರಿಂಗ್ ಬಿಚ್ಚಿ ಎಸೆದವರು ನನ್ನ ಬಳಿ ಎಷ್ಟೋ ಮಂದಿ ಬಂದಿದ್ದಾರೆ.

ಟಯರ್ ಅಲ್ಲ ಎಂದಾದರೆ ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳಿಗೆ ಎರಡು ಬದಿಯಿಂದ ಅಡ್ಡಕಟ್ಟೆ ಕೊಟ್ಟು ಗೇರಿನಲ್ಲಿಡಿ. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಈ ಕೆಲಸದಲ್ಲಿ ನಟ್ ಎಳೆಯುವಾಗ ಕಾರು ಅಲುಗುತ್ತದೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹ್ಯಾಂಡ್‌ಬ್ರೇಕ್ ಬಿಡಿ. ಚಕ್ರದ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಾಡಿಸಿ. ‘ಟಕ್ ಟಕ್’ ಎಂದು ಆಟ, ಅಂದರೆ ಸಡಿಲ, ಕಾಣಿಸಿದರೆ ಬೇರಿಂಗ್ ಹೋಗಿ ಬಹಳ ಕಾಲವಾಗಿದೆ. ಆಟ ಇಲ್ಲದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದೂ ತಿಳಿಯಬೇಡಿ, ಸದ್ದು ಶುರುವಾದ ಎಷ್ಟೋ ಕಾಲದ ಮೇಲೆ ಆಟ ಬರುತ್ತದೆ. ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಇನ್ನೊಂದಿದೆ. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಮೇಲೆ ಹಗುರಾಗಿ ಇಡಿ. ಒಳ್ಳೆಯ ಬೇರಿಂಗ್ ಆದರೆ ಸ್ಪ್ರಿಂಗಿನಲ್ಲಿ ಏನೂ ತಿಳಿಯುವುದಿಲ್ಲ. ಹೋದದ್ದಾದರೆ ಬೀಸುವ ಕಲ್ಲಿನ ಕಂಪನ ಬೆರಳಿಗೆ ಬರುತ್ತದೆ. ಕಿವಿಗೆ ಕೇಳದ್ದು ಬೆರಳಿಗೆ ಸಿಗುತ್ತದೆ. ಎಡ ಬಲ ಎರಡನ್ನೂ ಹೋಲಿಸಿ ನೋಡಿ. ಕಾರಿನೊಳಗೆ ಕುಳಿತು ಯಾವ ಬದಿಯ ಸದ್ದು ಎಂದು ಹೇಳುವುದು ಕಷ್ಟ, ಏಕೆಂದರೆ ಬಾಡಿಯ ತಗಡು ಸದ್ದನ್ನು ಆಚೀಚೆ ಒಯ್ಯುತ್ತದೆ. ಓಡಿಸುವಾಗ ಎಡಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಸದ್ದು ಹೆಚ್ಚಿದರೆ ಭಾರ ಹೊತ್ತ ಬಲ ಚಕ್ರದ ಮೇಲೆ ಅನುಮಾನ ಪಡಬಹುದು. ಹಿಂಚಕ್ರಗಳಲ್ಲಿ ಈ ಲಕ್ಷಣ ಮುಂಚಕ್ರದಷ್ಟು ಸ್ಪಷ್ಟವಾಗಿರುವುದಿಲ್ಲ.

ಎರಡೂ ಬದಿ ಒಟ್ಟಿಗೆ ಬದಲಿಸಲೇಬೇಕು ಎನ್ನುವುದು ನಿಜವಲ್ಲ. ಬ್ರೇಕ್ ಶೂ, ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸಲು ಕಾರಣವಿದೆ, ಒಂದು ಬದಿ ಹೊಸದಾಗಿ ಇನ್ನೊಂದು ಹಳೆಯದಾದರೆ ಕಾರಿನ ನಡೆ ವಾಲುತ್ತದೆ. ಬೇರಿಂಗ್ ವಿಷಯದಲ್ಲಿ ಹಾಗಿಲ್ಲ. ಎಡದ್ದು ಹೋದರೆ ಎಡದ್ದು ಮಾತ್ರ ಬದಲಿಸಿ. ಎರಡೂ ಬದಿ ಒಂದೇ ರಸ್ತೆ, ಒಂದೇ ನೀರು ಕಂಡಿರುವುದರಿಂದ ಇನ್ನೊಂದೂ ಬೇಗ ಹೋಗಬಹುದು, ಅದನ್ನು ಸ್ಪ್ರಿಂಗಿನ ಮೇಲೆ ಬೆರಳಿಟ್ಟು ನೀವೇ ತೀರ್ಮಾನಿಸಿ.

ಗ್ರೀಸಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೇರಿಂಗ್ ಯಾಕೆ ಸಾಯುತ್ತದೆ ಎನ್ನುವುದು ಅದರಲ್ಲೇ ಇದೆ. ಬೇರಿಂಗ್ ಎಂದರೆ ಎರಡು ಬಳೆಗಳು, ಅವುಗಳ ನಡುವೆ ಉರುಳುವ ಗುಂಡುಗಳು ಅಥವಾ ಉರುಳೆಗಳು. ಶೇಕಡಾ 1ರಷ್ಟು ಕಾರ್ಬನ್, 1.5ರಷ್ಟು ಕ್ರೋಮಿಯಂ ಸೇರಿಸಿ ಹದ ಮಾಡಿದ ಗಡಸು ಉಕ್ಕಿನಿಂದ ಅವನ್ನು ಮಾಡುತ್ತಾರೆ. ಗುಂಡು ಬಳೆಯನ್ನು ಮುಟ್ಟುವುದು ಸಾಸಿವೆಗಿಂತ ಚಿಕ್ಕ ಜಾಗದಲ್ಲಿ. ಕಾರಿನ ಹಿಂಭಾಗದ ಅರ್ಧ ಭಾರ ಅಂಥ ಕೆಲವೇ ಚುಕ್ಕೆಗಳ ಮೇಲೆ ಕೂರುತ್ತದೆ. ಆ ಚುಕ್ಕೆಗಳಲ್ಲಿ ಉಕ್ಕು ಉಕ್ಕನ್ನು ಮುಟ್ಟದಂತೆ ಕಾಯುವುದು ಮೈಕ್ರಾನ್ ಲೆಕ್ಕದ ಗ್ರೀಸಿನ ಪೊರೆ. ಅಂಚಿನ ರಬ್ಬರ್ ಸೀಲ್ ಗಟ್ಟಿಯಾಗಿ, ನಿಂತ ನೀರಿನಲ್ಲಿ ಕಾರು ಹೋದಾಗ ಒಂದೆರಡು ಹನಿ ಒಳಗೆ ಸೇರಿತು ಎನ್ನಿ. ಬಿಸಿ ಬೇರಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಪೊರೆ ಹರಿಯುತ್ತದೆ, ತುಕ್ಕಿನ ಸಣ್ಣ ಚುಕ್ಕೆ ಹುಟ್ಟುತ್ತದೆ. ಪ್ರತಿ ಗುಂಡೂ ಆ ಚುಕ್ಕೆಯ ಮೇಲೆ ಹಾಯುತ್ತಾ ಅದನ್ನು ಕುಳಿಯಾಗಿಸುತ್ತದೆ, ಕುಳಿಯಿಂದ ಎದ್ದ ಚೂರು ಮುಂದಿನ ಗುಂಡಿನ ಕೆಳಗೆ ಸಿಗುತ್ತದೆ.

ನಿಮ್ಮ ಹಳೆಯ ಬೇರಿಂಗ್ ತೆಗೆದ ಮೇಲೆ ಅದನ್ನು ಒರೆಸಿ ಹೊರ ಬಳೆಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕನ್ನಡಿಯಂತಿರಬೇಕಾದ ದಾರಿಯಲ್ಲಿ ಒಂದು ಕಡೆ ಮಂಕಾದ ಬೂದು ಪಟ್ಟಿ ಕಾಣುತ್ತದೆ, ಅದರ ನಡುವೆ ಉಪ್ಪಿನ ಕಲ್ಲು ಒತ್ತಿದಂತೆ ಗುಳಿಗಳಿರುತ್ತವೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಆ ಗುಳಿಯನ್ನು ಯಾವ ಗ್ರೀಸೂ ತುಂಬಲಾರದು. ಹೊಸ ಗ್ರೀಸ್ ಹಾಕಿದರೆ ನಾಲ್ಕು ದಿನ ಸದ್ದು ಮಂದವಾಗುತ್ತದೆ, ಸವೆತ ನಡೆಯುತ್ತಲೇ ಇರುತ್ತದೆ. ಎರಡು ಬದಿಯೂ ಸೀಲ್ ಆದ ಬೇರಿಂಗಿಗೆ ಸೂಜಿ ಚುಚ್ಚಿ ಗ್ರೀಸ್ ತುಂಬುವವರೂ ಇದ್ದಾರೆ. ನೀರು ಒಳಗೆ ಬರಲು ಅವರೇ ಬಾಗಿಲು ತೆರೆದುಕೊಟ್ಟಂತೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿ ಮಾಡಬಹುದೇ ಎನ್ನುವುದು ನಿಮ್ಮ ಧೈರ್ಯದ ಮೇಲಲ್ಲ, ನಿಮ್ಮ ಕಾರಿನಲ್ಲಿ ಯಾವ ಬಗೆಯ ಬೇರಿಂಗ್ ಇದೆ ಎನ್ನುವುದರ ಮೇಲೆ ನಿಂತಿದೆ. ಎಂಜಿನ್ನಿನ ಬಲ ಮುಂಚಕ್ರಕ್ಕೆ ಮಾತ್ರ ಹೋಗುವ ಕಾರುಗಳ ಹಿಂಚಕ್ರದಲ್ಲಿ ಮೂರು ಬಗೆ ಸಿಗುತ್ತವೆ. ಹಿಂಚಕ್ರಕ್ಕೆ ಬಲ ಹೋಗುವ ಕಾರುಗಳಲ್ಲಿ ಆ್ಯಕ್ಸಲ್ ಶಾಫ್ಟನ್ನೇ ಬಿಚ್ಚಬೇಕಾಗಬಹುದು, ಅದು ಬೇರೆ ಕೆಲಸ. ಕೆಳಗಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಮೊದಲನೆಯದು ಬೋಲ್ಟ್‌ನಿಂದ ಬಿಗಿಯುವ ಹಬ್ ಯೂನಿಟ್ (ಹಬ್ ಎಂದರೆ ಚಕ್ರವನ್ನು ಬಿಗಿಯುವ ನಡುಭಾಗ). ಬೇರಿಂಗ್, ಹಬ್, ಎಷ್ಟೋ ಸಲ ಎಬಿಎಸ್ ಸೆನ್ಸರ್ ಕೂಡ ಒಂದೇ ಗಡ್ಡೆಯಾಗಿ ಬರುತ್ತವೆ, ಹಿಂದಿನಿಂದ ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಇದು ಮನೆಯಲ್ಲಿ ಧಾರಾಳವಾಗಿ ಮಾಡಬಹುದಾದ ಕೆಲಸ. ತುಕ್ಕು ಹಿಡಿದು ಕಚ್ಚಿಕೊಂಡ ಯೂನಿಟ್ ಹೊರಬರುವುದೊಂದೇ ಕಷ್ಟ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹೊಸದನ್ನು ಇಡುವ ಮೊದಲು ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ತುಕ್ಕಿನ ಒಂದು ಹಕ್ಕಳೆ ಉಳಿದರೂ ಯೂನಿಟ್ ವಾಲಿ ಕೂರುತ್ತದೆ.

ಎರಡನೆಯದು ಹಳೆಯ ಕಾರುಗಳ ಟೇಪರ್ ಉರುಳೆ ಬೇರಿಂಗ್. ಒಳಗೊಂದು ಹೊರಗೊಂದು, ನಡುವೆ ಗ್ರೀಸ್, ತುದಿಯಲ್ಲಿ ಕಾಟರ್ ಪಿನ್ (ನಟ್ ಸಡಿಲವಾಗದಂತೆ ತೂರಿಸಿ ಮಡಿಸುವ ತಂತಿ ಪಿನ್) ಹಾಕಿದ ನಟ್. ಗಾಡಿ ತಿರುಗುವಾಗ ಚಕ್ರಕ್ಕೆ ಪಕ್ಕದಿಂದ ಬೀಳುವ ಒತ್ತಡವನ್ನು ತಾಳಲೆಂದು ಉರುಳೆಗಳನ್ನು ಓರೆಯಾಗಿ ಮಾಡಿದ್ದಾರೆ. 1898ರಲ್ಲಿ ಇದರ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಕುದುರೆಗಾಡಿ ತಯಾರಿಸುತ್ತಿದ್ದವರು, ಸಮಸ್ಯೆಯನ್ನು ಚಕ್ರದ ಬಳಿಯೇ ಕಂಡವರು. ಇಲ್ಲಿ ಪ್ರೆಸ್, ಅಂದರೆ ಒತ್ತಿ ಕೂರಿಸುವ ಯಂತ್ರ, ಬೇಕಿಲ್ಲ. ಹೊರ ಬಳೆಯನ್ನು ಹಬ್ಬಿನೊಳಗೆ ಮೆತ್ತನೆಯ ಹಿತ್ತಾಳೆ ಕಂಬಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ಕೂರಿಸಬಹುದು. ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಉರುಳೆಗಳ ನಡುವಿನಿಂದ ಆಚೆ ಬದಿಗೆ ಗ್ರೀಸ್ ಎದ್ದು ಬರುವವರೆಗೆ ಬಿಡಬೇಡಿ. ಉರುಳೆಯ ಒಳಭಾಗ, ಹೊರ ಬಳೆ ಎರಡೂ ಒಂದೇ ಪೊಟ್ಟಣದ್ದಾಗಿರಲಿ, ಹಳೆಯ ಬಳೆಯಲ್ಲಿ ಹೊಸ ಉರುಳೆ ಓಡಿಸಬೇಡಿ.

ಇದರಲ್ಲಿ ಜನ ಎಡವುವುದು ನಟ್ ಬಿಗಿಯುವಲ್ಲಿ. ಗಟ್ಟಿಯಾಗಿ ಬಿಗಿದಷ್ಟೂ ಕ್ಷೇಮ ಎನ್ನುವುದು ಇಲ್ಲಿ ಪೂರ್ತಿ ತಪ್ಪು. ಸಾಮಾನ್ಯ ರೂಢಿ ಹೀಗಿದೆ: ಡ್ರಮ್ ತಿರುಗಿಸುತ್ತಾ 20ರಿಂದ 30 ನ್ಯೂಟನ್ ಮೀಟರ್‌ನಷ್ಟು ಬಿಗಿದು ಉರುಳೆಗಳನ್ನು ಜಾಗಕ್ಕೆ ಕೂರಿಸುವುದು, ಆಮೇಲೆ ಪೂರ್ತಿ ಸಡಿಲಿಸಿ ಬೆರಳಿನಿಂದ ಮಾತ್ರ ಬಿಗಿದು ಹತ್ತಿರದ ಪಿನ್ ರಂಧ್ರಕ್ಕೆ ಹೊಂದಿಸುವುದು. ಕೊನೆಗೆ ಕೂದಲೆಳೆಯಷ್ಟು, ಅಂದರೆ 0.1 ಮಿ.ಮೀ. ಒಳಗಿನ ಆಟ ಉಳಿಯಬೇಕು. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಕಾಟರ್ ಪಿನ್ ಪ್ರತಿ ಸಲವೂ ಹೊಸದು ಬೇಕು. ಚಕ್ರ ಕಳಚುವ ನಿಮ್ಮ ಭಯ ನಿಜವಾಗುವ ದಾರಿಗಳಲ್ಲಿ ಪಿನ್ ಹಾಕದ ನಟ್ ಒಂದು.

ಮೂರನೆಯದು ಒತ್ತಿ ಕೂರಿಸುವ, ಎರಡು ಸಾಲು ಗುಂಡುಗಳ ಸೀಲ್ ಆದ ಬೇರಿಂಗ್. ಎಬಿಎಸ್ ಇರುವ ಡ್ರಮ್ ಬ್ರೇಕಿನ ಕಾರು ಎಂದಿರಿ, ನಿಮ್ಮದು ಇದೇ ಬಗೆ ಇರುವ ಸಾಧ್ಯತೆ ಹೆಚ್ಚು. ಹಬ್ಬಿನೊಳಗೆ ಅಥವಾ ಡ್ರಮ್ಮಿನ ನಡುವೆಯೇ ಬಿಗಿಯಾಗಿ ಕೂತಿರುತ್ತದೆ, ಮೇಲೊಂದು ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಸ್ಪ್ರಿಂಗ್ ಬಳೆ) ಕಾವಲು. ನೀವು ನೋಡಿದ ವಿಡಿಯೊಗಳು ಇದರವೇ ಇರಬೇಕು.

ಹಳೆಯದನ್ನು ಬಡಿದು ತೆಗೆಯುವುದಕ್ಕೆ ನನ್ನ ಅಭ್ಯಂತರವಿಲ್ಲ, ಹೇಗೂ ಅದು ಸತ್ತಿದೆ. ಆದರೆ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕದೆ ಬೇರಿಂಗಿನ ಮೇಲೆ ಸುತ್ತಿಗೆ ಎತ್ತಬೇಡಿ. ಅಷ್ಟು ಗಡಸು ಉಕ್ಕು ಬಾಗುವುದಿಲ್ಲ, ಸಿಡಿಯುತ್ತದೆ. ಸಿಡಿದ ಚೂರು ಬ್ಲೇಡಿನಷ್ಟು ಹರಿತ.

ಹೊಸದನ್ನು ಬಡಿಯುವ ವಿಷಯಕ್ಕೆ ಬಂದರೆ, ಕೆಲಸ ಕಲಿಯುವ ದಿನಗಳಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಹೊಸ ಬೇರಿಂಗನ್ನು ಡ್ರಮ್ಮಿನ ಬಾಯಿಗಿಟ್ಟು, ಅಳತೆಗೆ ಸಿಕ್ಕಿತೆಂದು ಒಂದು ಸಣ್ಣ ಪೈಪಿನ ತುಂಡಿಟ್ಟು ಒತ್ತಿದೆ. ಪೈಪು ಕೂತದ್ದು ಒಳ ಬಳೆಯ ಮೇಲೆ. ಡ್ರಮ್ಮಿನ ಗೋಡೆಗೆ ಉಜ್ಜಿಕೊಂಡು ತಡೆಯುತ್ತಿದ್ದುದು ಹೊರ ಬಳೆ. ಅಷ್ಟೂ ಬಲ ಒಳ ಬಳೆಯಿಂದ ಗುಂಡುಗಳ ಮೂಲಕ ಹೊರ ಬಳೆಗೆ ಹಾಯಿತು. ಬೇರಿಂಗ್ ಚೆನ್ನಾಗಿಯೇ ಕೂತಿತು, ಕೈಯಲ್ಲಿ ತಿರುಗಿಸಿದಾಗ ಏನೂ ಗೊತ್ತಾಗಲಿಲ್ಲ. ಆರು ವಾರಕ್ಕೆ ಕಾರು ಸದ್ದು ಮಾಡುತ್ತಾ ಮರಳಿತು. ಅದನ್ನು ಕತ್ತರಿಸಿ ನೋಡಿದಾಗ ಹೊರ ಬಳೆಯ ದಾರಿಯಲ್ಲಿ ಸಮಸಮ ದೂರದಲ್ಲಿ ಸಣ್ಣ ತಗ್ಗುಗಳಿದ್ದವು, ಗುಂಡುಗಳ ನಡುವೆ ಎಷ್ಟು ಅಂತರವೋ ಅಷ್ಟೇ. ಪ್ರತಿ ಗುಂಡೂ ತನ್ನ ಮುದ್ರೆ ಒತ್ತಿತ್ತು. ಹಣ ಕೊಟ್ಟು ನಂಬಿ ಹೋದವರ ಕಾರನ್ನು ನನ್ನ ಕೈಯೇ ಕೆಡಿಸಿತ್ತು. ಅಂದಿನಿಂದ ಪ್ರತಿ ಸಲ ಒತ್ತುವ ಮೊದಲು ಒಮ್ಮೆ ನಿಂತು ಕೇಳಿಕೊಳ್ಳುತ್ತೇನೆ: ಬಲ ಯಾವ ಬಳೆಗೆ ಹೋಗುತ್ತಿದೆ?

ನಿಯಮ ಇಷ್ಟೇ. ಬಿಗಿಯಾಗಿ ಕೂರಬೇಕಾದ ಬಳೆ ಯಾವುದೋ ಬಲ ಅದರ ಮೇಲೆಯೇ ಬೀಳಬೇಕು. ಡ್ರಮ್ ಅಥವಾ ಹಬ್ಬಿನೊಳಗೆ ತಳ್ಳುವಾಗ ಹೊರ ಬಳೆಯ ಮೇಲೆ, ಸ್ಪಿಂಡಲ್ (ಚಕ್ರವನ್ನು ಹೊತ್ತ, ತಿರುಗದ ಕಂಬಿ) ಮೇಲೆ ಏರಿಸುವಾಗ ಒಳ ಬಳೆಯ ಮೇಲೆ. ಸುತ್ತಿಗೆಯ ಏಟು ಸರಿಯಾದ ಬಳೆಗೇ ಬಿದ್ದರೂ ಒಂದು ಬದಿಗೆ ಬಿದ್ದರೆ ಬೇರಿಂಗ್ ಓರೆಯಾಗಿ ಹಬ್ಬಿನ ಗೋಡೆಯನ್ನು ಕೆರೆಯುತ್ತದೆ. ಕೆರೆದ ಹಬ್ಬಿನಲ್ಲಿ ಮುಂದಿನ ಯಾವ ಬೇರಿಂಗೂ ಬಿಗಿಯಾಗಿ ನಿಲ್ಲದು.

ಹಾಗಾದರೆ ಮನೆಯಲ್ಲಿ ಏನು ದಾರಿ? ಉದ್ದನೆಯ ಗಟ್ಟಿ ಬೋಲ್ಟ್, ನಟ್, ದಪ್ಪ ವಾಷರುಗಳು, ಅಳತೆಗೆ ತಕ್ಕ ಬಟ್ಟಲುಗಳಿರುವ ‘ಎಳೆದು ಕೂರಿಸುವ’ ಸೆಟ್ ಸಿಗುತ್ತದೆ. ನಟ್ ತಿರುಗಿಸಿದಂತೆ ಬೇರಿಂಗ್ ನೇರವಾಗಿ ಒಳಗೆ ಜಾರುತ್ತದೆ. ಸಣ್ಣ ಕಾರುಗಳ ಡ್ರಮ್ಮಿಗೆ ಇದು ಸಾಕಾಗುತ್ತದೆ. ಬೇರಿಂಗನ್ನು ಅದರ ಕವರಿನಲ್ಲೇ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು, ಸೀಲ್, ಸೆನ್ಸರುಗಳನ್ನು ತೆಗೆದ ಖಾಲಿ ಡ್ರಮ್ಮನ್ನು 80 ಡಿಗ್ರಿಯಷ್ಟು ಬಿಸಿ ಮಾಡಿದರೆ ಕೆಲಸ ಇನ್ನೂ ಹಗುರ. ಬೆಂಕಿಯ ಜ್ವಾಲೆ ಬೇಡ, ಬಿಸಿಗಾಳಿಯ ಗನ್ ಸಾಕು. ಬೇರಿಂಗಿಗೆ ಮಾತ್ರ ಬಿಸಿ ತಾಗಿಸಬೇಡಿ, ಸೀಲೂ ಗ್ರೀಸೂ ಕೆಡುತ್ತವೆ.

ನಾನು ಹೆಚ್ಚಿನವರಿಗೆ ಹೇಳುವ ಮಧ್ಯದ ದಾರಿಯೊಂದಿದೆ, ನಿಮ್ಮ ಕೈಕೆಲಸದ ಅನುಭವಕ್ಕೆ ಅದೇ ಸರಿ ಎನಿಸುತ್ತದೆ. ಡ್ರಮ್ ಅಥವಾ ಹಬ್ಬನ್ನು ಮನೆಯಲ್ಲೇ ಬಿಚ್ಚಿ. ಹೊಸ ಬೇರಿಂಗ್, ಸರ್ಕ್ಲಿಪ್‌ಗಳೊಂದಿಗೆ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ದು ಒತ್ತಿಸಿಕೊಂಡು ಬನ್ನಿ. ಪಕ್ಕದಲ್ಲಿ ನಿಂತು ಯಾವ ಬಳೆಯ ಮೇಲೆ ಒತ್ತುತ್ತಾರೆ ನೋಡಿ, ತಪ್ಪಿದರೆ ಹೇಳಿ. ಆಮೇಲೆ ಮನೆಯಲ್ಲಿ ಜೋಡಿಸಿ. ಬಿಚ್ಚುವ, ಉಜ್ಜುವ, ಜೋಡಿಸುವ ಸಮಯ ನಿಮ್ಮದು, ಬೇರಿಂಗನ್ನು ಕೊಲ್ಲಬಲ್ಲ ಎರಡು ನಿಮಿಷ ಮಾತ್ರ ಯಂತ್ರದ್ದು.

ಎಬಿಎಸ್ ಇರುವ ಬೇರಿಂಗಿನ ಒಂದು ಬದಿಯ ಕಪ್ಪು ಸೀಲಿನಲ್ಲಿ ಎಷ್ಟೋ ಸಲ ಕಾಂತಪಟ್ಟಿ ಅಡಗಿರುತ್ತದೆ. ನೋಡಲು ಸಾಮಾನ್ಯ ರಬ್ಬರ್, ಆದರೆ ಚಕ್ರದ ವೇಗವನ್ನು ಸೆನ್ಸರ್ ಓದುವುದು ಅದರಿಂದ. ಆ ಬದಿ ಸೆನ್ಸರಿನ ಕಡೆಗೇ ಇರಬೇಕು. ತಿರುವುಮುರುವು ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತುತ್ತದೆ, ಮತ್ತೆ ಬಿಚ್ಚಿದರೆ ಬೇರಿಂಗ್ ಹಾಳು. ಅನುಮಾನವಿದ್ದರೆ ಹಗುರವಾದ ಪೇಪರ್ ಕ್ಲಿಪ್ ತಾಗಿಸಿ ನೋಡಿ, ಕಾಂತಪಟ್ಟಿಯ ಬದಿಗೆ ಅದು ಮೆಲ್ಲಗೆ ಅಂಟುತ್ತದೆ. ಕಾಂತವಿರುವ ಸ್ಕ್ರೂಡ್ರೈವರ್, ಟ್ರೇಗಳನ್ನು ಅದರ ಹತ್ತಿರ ತರಬೇಡಿ.

ಬಿಚ್ಚುವಾಗ ನೆನಪಿಡಬೇಕಾದ್ದು ಇನ್ನಿಷ್ಟು. ಹಬ್ ನಟ್ಟಿನ ಅಂಚನ್ನು ಸ್ಪಿಂಡಲ್ಲಿನ ತೋಡಿಗೆ ಬಡಿದು ಬೀಗ ಹಾಕಿರುತ್ತಾರೆ, ಆ ಮಡಿಕೆಯನ್ನು ಉಳಿಯಿಂದ ಬಿಡಿಸಿದ ಮೇಲೆ ನಟ್ ತಿರುಗಿಸಿ. ಇಲ್ಲದಿದ್ದರೆ ಸ್ಪಿಂಡಲ್ಲಿನ ಮರೆ (ನಟ್ ಏರುವ ತಿರುಪಿನ ಗೆರೆ) ಹಾಳಾಗುತ್ತದೆ. ಡ್ರಮ್ ಬರದಿದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟು ಶೂಗಳ ಹೊಂದಾಣಿಕೆ ಸಡಿಲಿಸಿ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯದಿರಲಿ, ಚಕ್ರದ ಸಿಲಿಂಡರಿನ ಪಿಸ್ಟನ್‌ಗಳು ಹೊರಗೆ ಹಾರುತ್ತವೆ. ಡ್ರಮ್ಮಿನ ಪುಡಿಯನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಒಳ ಬಳೆ ಸ್ಪಿಂಡಲ್ ಮೇಲೆಯೇ ಉಳಿದುಬಿಟ್ಟರೆ ಪುಲ್ಲರ್ (ಹಿಡಿದು ಎಳೆದು ತೆಗೆಯುವ ಸಲಕರಣೆ) ಹಾಕಿ. ಅದಕ್ಕೂ ಬಗ್ಗದಿದ್ದರೆ ಗ್ರೈಂಡರಿನಿಂದ ಮುಕ್ಕಾಲು ಪಾಲು ಸೀಳಿ ಉಳಿಯ ಒಂದೇ ಏಟಿಗೆ ಬಿರಿಸಬಹುದು. ಆದರೆ ಗ್ರೈಂಡರ್ ಸ್ಪಿಂಡಲ್ಲಿಗೆ ತಾಗಿದರೆ ಕೆಲಸ ದೊಡ್ಡದಾಗುತ್ತದೆ, ಕೈ ಪಳಗಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ ಬಲ್ಲವರನ್ನು ಕರೆಯಿರಿ.

ಜೋಡಿಸುವಾಗ ಈ ಬಗೆಯ ಬೇರಿಂಗಿಗೆ ಹೊಸ ಹಬ್ ನಟ್, ಟಾರ್ಕ್ ರೆಂಚ್ (ಬಿಗಿತವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುವ ಸ್ಪ್ಯಾನರ್) ಎರಡೂ ಕಡ್ಡಾಯ. ಟೇಪರ್ ಬೇರಿಂಗಿನ ಲೆಕ್ಕ ಇಲ್ಲಿ ತಲೆಕೆಳಗು. ಇಲ್ಲಿ ಒಳ ಬಳೆ ಎರಡು ತುಂಡಾಗಿರುತ್ತದೆ, ಅವೆರಡನ್ನೂ ಒತ್ತಿ ಹಿಡಿಯುವುದು ಆ ನಟ್ಟೇ. ಮಾದರಿಗೆ ತಕ್ಕಂತೆ 100ರಿಂದ 300 ನ್ಯೂಟನ್ ಮೀಟರ್‌ವರೆಗೆ ಬೇಕಾಗುತ್ತದೆ, ನಿಮ್ಮ ಕಾರಿನ ಸಂಖ್ಯೆಯನ್ನು ಸರ್ವಿಸ್ ಕೈಪಿಡಿಯಲ್ಲೇ ನೋಡಿ. ಅಂದಾಜಿಗೆ ಬಿಗಿದರೆ ಸಡಿಲ ಉಳಿದು ತುಂಡುಗಳು ಬೇರೆಬೇರೆ ಆಡುತ್ತವೆ. ಡ್ರಮ್ ಕೂರಿಸಿದ ಮೇಲೆ ಒಬ್ಬರು ಪೆಡಲ್ ತುಳಿದು ಹಿಡಿಯಲಿ, ಚಕ್ರ ಮೇಲಿರುವಾಗಲೇ ಪೂರ್ತಿ ಟಾರ್ಕ್ ಕೊಡಿ. ನಟ್ ಪೂರ್ತಿ ಬಿಗಿಯುವ ಮೊದಲು ಕಾರಿನ ಭಾರವನ್ನು ಆ ಚಕ್ರಕ್ಕೆ ಇಳಿಸಬೇಡಿ, ಒಂದು ಅಡಿಯೂ ತಳ್ಳಬೇಡಿ. ಬಿಗಿಯದ ಬೇರಿಂಗ್ ಮೇಲೆ ಬಿದ್ದ ಭಾರ, ನಾನು ಅಂದು ಪೈಪಿನಿಂದ ಮಾಡಿದ ಕೆಲಸವನ್ನೇ ಮಾಡುತ್ತದೆ.

ಬದಲಿಸುವವರೆಗೆ ಓಡಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬರೀ ಸದ್ದಿದ್ದು ಆಟ ಇಲ್ಲದಿದ್ದರೆ ಹತ್ತಿರದ ಓಡಾಟ ನಿಧಾನವಾಗಿ ನಡೆಯಲಿ, ಹೆದ್ದಾರಿ ಬೇಡ, ತುಂಬು ಭಾರ ಬೇಡ. ಚಕ್ರದಲ್ಲಿ ಆಟ ಕಂಡರೆ, ‘ಗುಂಯ್’ ಹೋಗಿ ‘ಗರಗರ’ ಬಂದರೆ, ಓಡಿಸಿ ನಿಲ್ಲಿಸಿದಾಗ ಒಂದೇ ಹಬ್ ಕೈ ಇಡಲಾಗದಷ್ಟು ಬಿಸಿಯಾದರೆ, ಎಬಿಎಸ್ ದೀಪ ಬಿಟ್ಟುಬಿಟ್ಟು ಹತ್ತಿದರೆ ಕಾರನ್ನು ಅಲ್ಲಿಗೇ ನಿಲ್ಲಿಸಿ. ಆ ಹಂತದಲ್ಲಿ ಬೇರಿಂಗ್ ಕಚ್ಚಿಕೊಂಡು ಚಕ್ರ ನಿಂತುಬಿಡಬಹುದು, ಸ್ಪಿಂಡಲ್ ಸವೆದು ಮುರಿಯಬಹುದು. ನಿಮ್ಮ ಭಯ ನಿಜವಾಗುವುದು ಹೀಗೆ, ಹೊಸ ಬೇರಿಂಗ್ ಹಾಕಿದ್ದರಿಂದಲ್ಲ, ಹಳೆಯದನ್ನು ಎಳೆದಾಡಿಸಿದ್ದರಿಂದ.

ಕೆಲಸ ಮುಗಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ಮತ್ತೆ ಸ್ಪ್ರಿಂಗಿನ ಮೇಲೆ ಬೆರಳಿಡಿ. ನಿಧಾನವಾಗಿ 10 ಕಿ.ಮೀ. ಓಡಿಸಿ ಎರಡೂ ಬದಿಯ ಹಬ್ಬಿನ ಬಿಸಿ ಹೋಲಿಸಿ, ಚಕ್ರದ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಿ. ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ಮೊದಲು ಬ್ರೇಕ್ ಶೂ ಹಿಡಿದುಕೊಂಡಿದೆಯೇ ಪರೀಕ್ಷಿಸಿ, ಆಮೇಲೆ ನಟ್ಟಿನ ಟಾರ್ಕ್ ನೋಡಿ. ಮೊದಲ ದಿನವೇ ಹಳೆಯ ಸದ್ದು ಹಾಗೆಯೇ ಕೇಳಿದರೆ ಮತ್ತೆ ಡ್ರಮ್ ಬಿಚ್ಚುವ ಮೊದಲು ಇನ್ನೊಂದು ಬದಿಯ ಸ್ಪ್ರಿಂಗ್ ಮುಟ್ಟಿ ನೋಡಿ.